ಮೆರವಣಿಗೆಯ ಶಾಂತಿ, ಅಭ್ಯಾಸದ ಶಾಂತಿ

ನಗರದ ತರುಣರಿಗೆ ಶಾಂತಿಯ ಪಾಠ ಕಲಿಸಬೇಕೆಂಬ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯ ಇರಬೇಕಾದುದು ಅದನ್ನು ಕಲಿಸುವ ಕ್ರಮದಲ್ಲಿ. ವರ್ಷಕ್ಕೊಮ್ಮೆ ಫಲಕ ಹಿಡಿದ ಮೆರವಣಿಗೆ, ವೇದಿಕೆಯ ಮೇಲೆ ಗಣ್ಯರ ಸಾಲು, ಕೈ ಮುಂದೆ ಚಾಚಿ ಸಾಮೂಹಿಕ ಪ್ರತಿಜ್ಞೆ, ಅನಂತರ ಲಘು ಉಪಾಹಾರ, ಇಷ್ಟಕ್ಕೆ ಶಾಂತಿ ಕಾರ್ಯಕ್ರಮವೆಂಬ ಹೆಸರು ಬಂದುಬಿಟ್ಟಿದೆ. ಇದರಲ್ಲಿ ತರುಣನ ಪಾಲಿಗಿರುವ ಕೆಲಸವೆಂದರೆ ಕುರ್ಚಿ ತುಂಬುವುದು. ಬೀದಿಯಲ್ಲಿ ಜಗಳವೊಂದು ಅವನಿಗೆ ಎದುರಾದ ದಿನ ಆ ಪ್ರತಿಜ್ಞೆ ಅವನ ನೆನಪಿಗೆ ಬರುವುದಿಲ್ಲ. ಜಗಳವು ಆಲೋಚನೆಗೆ ಕಾಲಾವಕಾಶ ಕೊಟ್ಟು ಬರುವಂತಹುದಲ್ಲ. ಇಂತಹ ಕಾರ್ಯಕ್ರಮದಿಂದ ಹಾನಿಯೂ ಉಂಟು. ಕರ್ತವ್ಯ ಮುಗಿಯಿತೆಂಬ ಸುಳ್ಳು ಸಮಾಧಾನವನ್ನು ಅದು ಹಿರಿಯರಿಗೆ ಒದಗಿಸುತ್ತದೆ.

ತರುಣರಿಗೆ ಶಾಂತಿಯನ್ನು ನಿಜವಾಗಿ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಅಮೆರಿಕದ ಶಿಕಾಗೋ ನಗರದಲ್ಲಿ ದೊರೆತಿದೆ. ಗುಂಡಿನ ಹಾವಳಿಗೆ ಕುಖ್ಯಾತವಾದ ಆ ನಗರದಲ್ಲಿ 2016ನೆಯ ವರ್ಷವೊಂದರಲ್ಲೇ 750ಕ್ಕೂ ಹೆಚ್ಚು ಕೊಲೆಗಳಾದವು. ಇವುಗಳಲ್ಲಿ ಅನೇಕವು ಹೂಡಿದ ಸಂಚಿನಿಂದಲ್ಲ, ಒಂದು ಮಾತು, ಒಂದು ನೋಟ, ಒಂದು ತಳ್ಳಾಟದಿಂದ ಹುಟ್ಟಿದವು. ಅಲ್ಲಿಯ ‘ಯೂತ್ ಗೈಡೆನ್ಸ್’ ಎಂಬ ಸಂಸ್ಥೆ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮವನ್ನು ಶಾಲೆಗಳಲ್ಲಿ ನಡೆಸುತ್ತ ಬಂದಿದೆ. ಮೆರವಣಿಗೆಯಿಲ್ಲ, ಉಪನ್ಯಾಸವಿಲ್ಲ. ಬಡ ಬಡಾವಣೆಗಳ ಹುಡುಗರ ಸಣ್ಣ ಗುಂಪುಗಳು ವಾರಕ್ಕೊಮ್ಮೆ ಒಂದು ಗಂಟೆ ತರಬೇತಾದ ಮಾರ್ಗದರ್ಶಕನೊಡನೆ ಕೂಡುತ್ತವೆ.

ಅಲ್ಲಿಯ ಒಂದು ಅಭ್ಯಾಸ ಗಮನಾರ್ಹವಾಗಿದೆ. ಇಬ್ಬರು ಹುಡುಗರಲ್ಲಿ ಒಬ್ಬನ ಮುಷ್ಟಿಯೊಳಗೆ ಚೆಂಡನ್ನಿಟ್ಟು, ಅದನ್ನು 30 ಸೆಕೆಂಡುಗಳಲ್ಲಿ ಪಡೆಯಬೇಕೆಂದು ಮತ್ತೊಬ್ಬನಿಗೆ ಹೇಳಲಾಗುತ್ತದೆ. ಬಹುತೇಕ ಎಲ್ಲರೂ ಬಲಪ್ರಯೋಗಕ್ಕೇ ಇಳಿಯುತ್ತಾರೆ, ಕೈ ತಿರುಚುತ್ತಾರೆ, ಎಳೆದಾಡುತ್ತಾರೆ. ಅವಧಿ ಮುಗಿದ ಮೇಲೆ ಮಾರ್ಗದರ್ಶಕ ಕೇಳುತ್ತಾನೆ: ‘ಚೆಂಡನ್ನು ಕೊಡೆಂದು ಕೇಳಬಹುದಿತ್ತಲ್ಲ, ಏಕೆ ಕೇಳಲಿಲ್ಲ?’ ಕೇಳಿದ್ದರೆ ಅವನೆಲ್ಲಿ ಕೊಡುತ್ತಿದ್ದ ಎಂದು ಒಬ್ಬ ಹೇಳುತ್ತಾನೆ. ಕೇಳಿದ್ದರೆ ಕೊಡುತ್ತಿದ್ದೆ, ಅದೇನು ದೊಡ್ಡ ವಸ್ತುವೇ ಎಂದು ಇನ್ನೊಬ್ಬ ಹೇಳುತ್ತಾನೆ. ಎದುರಿನವನ ಮನಸ್ಸನ್ನು ತಾನು ತಪ್ಪಾಗಿ ಊಹಿಸಿದ್ದೆನೆಂಬ ಅರಿವು ಹುಡುಗನಿಗೆ ಸ್ವತಃ ಉಂಟಾಗುತ್ತದೆ. ಈ ಅರಿವನ್ನು ಯಾವ ಭಾಷಣವೂ ತರಲಾರದು.

ಇದರ ಫಲವನ್ನು ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಕಟ್ಟುನಿಟ್ಟಾಗಿ ಅಳೆದಿದ್ದಾರೆ. 2009-10ರಲ್ಲಿ 18 ಸರ್ಕಾರಿ ಶಾಲೆಗಳ ಸುಮಾರು 2,740 ಹುಡುಗರನ್ನು ಲಾಟರಿಯ ಮೂಲಕ ವಿಂಗಡಿಸಿ, ತರಗತಿ ದೊರೆತವರನ್ನು ದೊರೆಯದವರೊಂದಿಗೆ ಹೋಲಿಸಿದರು. ಮುಂದೆ ಇನ್ನೊಮ್ಮೆ ಇದೇ ರೀತಿಯ ಪರೀಕ್ಷೆ ನಡೆಸಿದರು. 2017ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಭಾಗವಹಿಸಿದವರಲ್ಲಿ ತರಬೇತಿಯ ಅವಧಿಯಲ್ಲಿ ಹಿಂಸಾಪರಾಧಗಳಿಗಾಗಿ ಆಗುವ ಬಂಧನಗಳು ಶೇ. 45ರಿಂದ 50ರಷ್ಟು ಇಳಿದವು. ಮೊದಲ ಪರೀಕ್ಷೆಯ ಹುಡುಗರಲ್ಲಿ ಶಾಲಾ ವಿದ್ಯಾಭ್ಯಾಸ ಪೂರೈಸುವವರ ಪ್ರಮಾಣವೂ ಶೇ. 12ರಿಂದ 19ರಷ್ಟು ಏರಿತು. ಒಂದು ವರ್ಷದಲ್ಲಿ ಹೆಚ್ಚೆಂದರೆ 27 ಗಂಟೆಗಳ ತರಗತಿಗೆ ಬಂದ ಆದಾಯವಿದು. ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಇದನ್ನು ನಷ್ಟದ ಬಾಬತ್ತೆನ್ನಲಾರ.

ಜೈನ ಗೃಹಸ್ಥರಿಗೆ ಈ ಫಲಿತಾಂಶ ಅಚ್ಚರಿಯೆನಿಸಬಾರದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಇಟ್ಟಿದ್ದಾರೆ. ಕೈ ಮೇಲೇಳುವ ಮುನ್ನ ಎಚ್ಚರ ತಪ್ಪಿರುತ್ತದೆ. ಶಿಕಾಗೋದ ಹುಡುಗರು ಅಭ್ಯಾಸ ಮಾಡುವುದು ಆ ಎಚ್ಚರವನ್ನೇ. ಈ ತತ್ತ್ವವನ್ನು ಶತಮಾನಗಳಿಂದ ಬಲ್ಲ ಸಮಾಜವು ಅಹಿಂಸೆಯನ್ನು ಊಟದ ತಟ್ಟೆಗೂ ಉತ್ಸವದ ಘೋಷಣೆಗೂ ಸೀಮಿತಗೊಳಿಸಿ, ತರುಣನ ನಾಲಿಗೆ ಮತ್ತು ಮುಷ್ಟಿಗಳಿಗೆ ಶಿಕ್ಷಣವನ್ನೇ ಕೊಡದಿರುವುದು ವಿಷಾದದ ಸಂಗತಿ.

ಇದು ಪರದೇಶದ ಮಾತು, ಕೋಮು ವೈಷಮ್ಯದಿಂದ ಉರಿಯುವ ಭಾರತದ ನಗರಗಳಿಗೆ ಪೊಲೀಸರ ಲಾಠಿಯೇ ಮದ್ದು ಎಂದು ಕೆಲವರು ವಾದಿಸುವುದುಂಟು. ಇದಕ್ಕೆ ಪೊಲೀಸ್ ಅಧಿಕಾರಿಯೊಬ್ಬರೇ ಉತ್ತರ ಕೊಟ್ಟಿದ್ದಾರೆ. ಮುಂಬಯಿಯ ಸಮೀಪದ ಮಗ್ಗಗಳ ಊರಾದ ಭಿವಂಡಿ 1970ರಲ್ಲಿಯೂ 1984ರಲ್ಲಿಯೂ ಭೀಕರ ಗಲಭೆಗಳನ್ನು ಕಂಡಿತ್ತು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಉಪ ಆಯುಕ್ತ ಸುರೇಶ್ ಖೋಪಡೆಯವರು ಹಿಂದೂ ಮುಸ್ಲಿಮರಿಬ್ಬರನ್ನೂ ಒಳಗೊಂಡ ಮೊಹಲ್ಲಾ ಸಮಿತಿಗಳನ್ನು ರಚಿಸಿದರು. ಗಲಭೆಯಿಲ್ಲದ ದಿನಗಳಲ್ಲಿಯೂ ಈ ಸಮಿತಿಗಳು ಕೂಡಿ ಸಣ್ಣಪುಟ್ಟ ತಕರಾರುಗಳನ್ನು ಬಗೆಹರಿಸುತ್ತಿದ್ದವು. 1992ರ ಡಿಸೆಂಬರ್ ಮತ್ತು 1993ರ ಜನವರಿಗಳಲ್ಲಿ ಮುಂಬಯಿ ಹೊತ್ತಿ ಉರಿದು ಸುಮಾರು 900 ಮಂದಿ ಸತ್ತರು. ಭಿವಂಡಿ ಮಾತ್ರ ಶಾಂತವಾಗಿತ್ತು. ಬಳಿಕ ಮುಂಬಯಿಯೂ ಈ ಮಾದರಿಯನ್ನು ಅನುಸರಿಸಿತು. ಬೆಂಕಿ ಬಿದ್ದ ಮೇಲೆ ಕರೆದ ಶಾಂತಿಸಭೆಗೂ, ಬೆಂಕಿ ಬೀಳುವ ಮುನ್ನ ನಾಲ್ಕು ವರ್ಷ ನಡೆದ ಮಾತುಕತೆಗೂ ಇರುವ ಅಂತರವಿದು.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದುದು. ಶಿಕಾಗೋದ ಮೊದಲ ಪರೀಕ್ಷೆಯಲ್ಲಿ ತರಗತಿ ನಿಂತ ಮೇಲೆ ಬಂಧನಗಳ ಇಳಿಕೆಯೂ ಉಳಿಯಲಿಲ್ಲ. ಅಂದ ಮೇಲೆ ಪ್ರಯೋಜನವೇನು ಎಂದು ಕೇಳಬಹುದು. ಆದರೆ ವ್ಯಾಯಾಮ ಬಿಟ್ಟವನ ಮೈ ಸಡಿಲವಾಯಿತೆಂದು ವ್ಯಾಯಾಮವನ್ನು ಯಾರೂ ಹಳಿಯುವುದಿಲ್ಲ. ಸ್ವಾಧ್ಯಾಯವನ್ನು ಒಮ್ಮೆ ಮಾಡಿದರೆ ಸಾಕೆಂದು ಯಾವ ಶ್ರಾವಕನೂ ಹೇಳುವುದಿಲ್ಲ. ಈ ಆಕ್ಷೇಪವು ಖಂಡಿಸುವುದು ನಡುವೆ ನಿಂತುಹೋಗುವ ಕಾರ್ಯಕ್ರಮವನ್ನೇ ಹೊರತು ಅಭ್ಯಾಸವನ್ನಲ್ಲ. ವಾರದ ತರಗತಿಯ ಗುಣವೇ ಒಂದು ವರ್ಷದಲ್ಲಿ ಕರಗುವುದಾದರೆ, ವರ್ಷಕ್ಕೊಂದು ಮೆರವಣಿಗೆಯ ಗುಣ ಎಷ್ಟು ಗಂಟೆ ಉಳಿದೀತು?

ಬಸದಿಗಳ ಟ್ರಸ್ಟುಗಳಿಗೆ ಸಭಾಭವನಗಳಿವೆ, ಅವು ವಾರದ ಬಹುಪಾಲು ಬೀಗ ಹಾಕಿಕೊಂಡಿರುತ್ತವೆ. ಅಂತಹ ಒಂದು ಕೊಠಡಿ, ವಾರಕ್ಕೊಂದು ಗಂಟೆ, ಹತ್ತು ಹದಿನೈದು ತರುಣರು, ಯೋಗ್ಯ ಸಂಬಳ ಪಡೆಯುವ ಒಬ್ಬ ತರಬೇತಾದ ಮಾರ್ಗದರ್ಶಕ, ಇಷ್ಟಿದ್ದರೆ ಆರಂಭಕ್ಕೆ ಸಾಕು. ತರುಣರಲ್ಲಿ ಜೈನರಷ್ಟೇ ಅಲ್ಲದೆ ಆ ಕೇರಿಯ ಎಲ್ಲ ಜಾತಿಮತದವರೂ ಇರಬೇಕು. ಒಂದೇ ಮನೆತನದವರು ಕೂಡಿ ನೆರೆಯವರೊಡನೆ ಸಾಮರಸ್ಯ ಕಲಿಯುವುದು ಅಸಾಧ್ಯ. ಮುಂದೆ ಕೇರಿಯ ಸಣ್ಣ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ವಹಿಸುವ ಹೊಣೆಯನ್ನೂ ಅವರಿಗೆ ವಹಿಸಬೇಕು. ಹೊಣೆಯಿಲ್ಲದ ಕಡೆ ಶಕ್ತಿ ಬೆಳೆಯುವುದಿಲ್ಲ.

ಶಾಂತಿಯ ಬಗ್ಗೆ ಟ್ರಸ್ಟೊಂದರ ನಿಷ್ಠೆಯನ್ನು ಅಳೆಯಲು ಅದರ ಆಮಂತ್ರಣ ಪತ್ರಿಕೆಯನ್ನು ಓದಬೇಕಾಗಿಲ್ಲ. ವಾರ್ಷಿಕ ಲೆಕ್ಕಪತ್ರವನ್ನು ತೆರೆದು, ಶಾಮಿಯಾನದ ಬಾಬತ್ತಿಗೆ ಎಷ್ಟು, ಶಿಕ್ಷಕನ ಬಾಬತ್ತಿಗೆ ಎಷ್ಟು ಎಂದು ನೋಡಿದರೆ ಸಾಕು. ಮುಂದಿನ ಮಹಾಸಭೆಯಲ್ಲಿ ಈ ಎರಡು ಅಂಕಿಗಳನ್ನು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ.