ನಾಲ್ಕು ವಾರದ ಅಕ್ಕ

‘ಅಕ್ಕಾ, ನೀವು ಎಷ್ಟು ದಿನ ಇರ್ತೀರ?’

ಮೊದಲ ದಿನ ಮೂರನೇ ಕ್ಲಾಸಿನ ಹುಡುಗನೊಬ್ಬ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ‘ನಾಲ್ಕು ವಾರ’ ಅಂದೆ. ‘ಹೋದ್ಸಲ ಬಂದಿದ್ದ ಅಣ್ಣಾನೂ ಅಷ್ಟೇ’ ಎಂದವನೇ ಡಬ್ಬಿಯಲ್ಲಿ ಸ್ವಲ್ಪ ಉದ್ದವಿರುವ ಕ್ರೇಯಾನ್ ಹುಡುಕತೊಡಗಿದ. ನನಗೆ ಆಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಾಜರಾತಿ ಶೀಟಿಗೆ ಸಹಿ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿದ್ದೆ.

ನಾನು ದಾವಣಗೆರೆಯಲ್ಲಿ ಬಿ.ಇ. ಓದುತ್ತಿದ್ದೇನೆ, ಮೆಕ್ಯಾನಿಕಲ್, ಈಗ ಐದನೇ ಸೆಮಿಸ್ಟರ್. ನಾಲ್ಕನೇ ಸೆಮ್ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಸಾಮಾಜಿಕ ಇಂಟರ್ನ್‌ಶಿಪ್ ಮುಗಿಸಬೇಕಿತ್ತು. ಇದರ ಜೊತೆಗೆ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್ ಎನ್ನುವುದು ಬೇರೆ ಇದೆ. ಪದವಿ ಮುಗಿಯುವುದರೊಳಗೆ ನಮಗೆ 100, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ ಈ ಪಾಯಿಂಟ್ ಗಳಿಸಬೇಕು ಎನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಅದು ನಮ್ಮ ಕೈಗೆ ಬರುವ ಹೊತ್ತಿಗೆ ಏನಾಗುತ್ತದೆ ಎನ್ನುವುದು ಈ ಪುಟ ಓದುವ ಎಂಜಿನಿಯರಿಂಗ್‌ನವರಿಗೆಲ್ಲ ಗೊತ್ತು. ಒಂದು ಗಿಡ ನೆಟ್ಟರೆ ಎಂಟು ಜನ ಫೋಟೊದಲ್ಲಿರುತ್ತಾರೆ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತರಿಸಿಕೊಂಡವರು ನನ್ನ ಬೆಂಚಿನಲ್ಲೇ ಇದ್ದಾರೆ. ನಾನು ಅವರಿಗಿಂತ ಪ್ರಾಮಾಣಿಕಳು ಎಂದು ಕೊಚ್ಚಿಕೊಳ್ಳುವ ಹಾಗಿಲ್ಲ. ಹಾಸ್ಟೆಲಿಗೆ ಹತ್ತಿರ, ಸಂಜೆ ಒಂದೂವರೆ ಗಂಟೆ ಕೆಲಸ, ಡ್ರಾಯಿಂಗ್ ಕಲಿಸಿದರೆ ಸಾಕು ಎಂದಿದ್ದಕ್ಕೇ ನಾನು ಆ ಕೇಂದ್ರಕ್ಕೆ ಹೋದದ್ದು.

ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಕೂರುವ ಒಂದು ಹಾಲ್ ಅದು. ಅಪ್ಪ–ಅಮ್ಮ ಕೆಲಸದಿಂದ ಬರುವವರೆಗೆ ಹೋಂವರ್ಕ್, ಆಟ, ವಾರದಲ್ಲಿ ಇಷ್ಟು ದಿನ ಚಿತ್ರಕಲೆ. ಇಪ್ಪತ್ತಾರು ಮಕ್ಕಳು, ನಾಲ್ಕು ಕ್ರೇಯಾನ್ ಡಬ್ಬಿ, ಒಂದೇ ಮೆಂಡರ್. ಕಾಗದಕ್ಕೆ ಕಾಲೇಜಿನ ಜೆರಾಕ್ಸ್ ಅಂಗಡಿಯವರನ್ನು ಕೇಳಿದೆ. ತಪ್ಪು ಪ್ರಿಂಟ್ ಆದ ಲ್ಯಾಬ್ ರೆಕಾರ್ಡ್ ಹಾಳೆಗಳ ಕಟ್ಟನ್ನೇ ಕೊಟ್ಟರು. ಒಂದು ಮಗ್ಗುಲಲ್ಲಿ ಥರ್ಮೊಡೈನಾಮಿಕ್ಸ್, ಇನ್ನೊಂದು ಮಗ್ಗುಲಲ್ಲಿ ನವಿಲು.

ನವಿಲು ಎಂದೆ, ನಿಜ ಹೇಳಬೇಕೆಂದರೆ ಮೊದಲ ವಾರ ಬಂದದ್ದೆಲ್ಲ ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ಹೊಳೆ, ಪಕ್ಕದಲ್ಲಿ ಹೆಂಚಿನ ಮನೆ, ಒಂದು ತೆಂಗಿನ ಮರ. ನೀವೂ ಬರೆದಿದ್ದೀರಿ, ನಾನೂ ಬರೆದಿದ್ದೇನೆ. ದಾವಣಗೆರೆಯ ಸುತ್ತ ಅಂಥ ಬೆಟ್ಟ ಎಲ್ಲಿದೆ ಎಂದು ನಾವ್ಯಾರೂ ಕೇಳಿಕೊಂಡವರಲ್ಲ. ನಾನೂ ಬೋರ್ಡಿನ ಮೇಲೆ ಅದನ್ನೇ ಇನ್ನಷ್ಟು ಅಂದವಾಗಿ ಬರೆದು ತೋರಿಸಿದೆ. ಮಕ್ಕಳು ಮಾಡಿದ ನಕಲನ್ನು ಫೋಟೊ ತೆಗೆದು ರಿಪೋರ್ಟಿಗೆ ಸೇರಿಸಿದೆ.

ಎರಡನೇ ವಾರ ನಾಲ್ಕನೇ ಕ್ಲಾಸಿನ ಒಬ್ಬಳು ಬೇರೇನೋ ಬರೆದಳು. ಅವಳ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಹಾಳೆಯ ತುಂಬ ಭಟ್ಟಿ. ಗೋಡೆಯ ಒಳಗೆ ಉರಿಯುವ ಬೆಂಕಿ, ಅದರ ಮೇಲೆ ಮರಳು, ಮರಳಿನಲ್ಲಿ ಉಬ್ಬುತ್ತಿರುವ ಅಕ್ಕಿ, ಪಕ್ಕದಲ್ಲಿ ಜರಡಿ, ಮೂಟೆ. ಮೇಲೆ ಅರ್ಧ ಹಾಳೆಯಷ್ಟು ಬರೀ ಕಪ್ಪು. ನಾಲ್ಕು ಡಬ್ಬಿಯ ಕಪ್ಪು ಕ್ರೇಯಾನ್‌ಗಳಲ್ಲಿ ಒಂದು ಪೂರ್ತಿ ಸವೆದುಹೋಗಿತ್ತು.

‘ಗೋಡೆ ಇದೆಯಲ್ಲ, ಒಳಗಿನ ಬೆಂಕಿ ಹೊರಗಿಂದ ಹೇಗೆ ಕಾಣುತ್ತೆ? ಆಕಾಶ ಯಾಕೆ ಕಪ್ಪು?’ ಎಂದು ಕೇಳಿದೆ. ಕೇಳಿ ಸುಮ್ಮನಾಗಿದ್ದರೂ ಆಗುತ್ತಿತ್ತು. ರಬ್ಬರ್ ತೆಗೆದುಕೊಂಡು ಒಳಗಿನ ಪೆನ್ಸಿಲ್ ಗೆರೆಗಳನ್ನು ಅಳಿಸಿದೆ, ಗೋಡೆಗೆ ಇಟ್ಟಿಗೆಯ ಬಣ್ಣ ಹಚ್ಚಿಸಿದೆ, ಕಪ್ಪು ಇಲ್ಲದ ಮೂಲೆಯಲ್ಲಿ ನೀಲಿ ತುಂಬಿಸಿದೆ. ಅವಳು ಹೇಳಿದಷ್ಟನ್ನೂ ಮಾಡಿದಳು. ಮಾರನೇ ದಿನ ಎರಡು ಬೆಟ್ಟ, ಸೂರ್ಯ, ಹೊಳೆ ಬರೆದು ತಂದು ತೋರಿಸಿದಳು. ನಾನು ‘ವೆರಿ ಗುಡ್’ ಬರೆದುಕೊಟ್ಟೆ.

ನಾನು ಮಾಡಿದ್ದೇನು ಎಂದು ಗೊತ್ತಾದದ್ದು ರೂಮಿನಲ್ಲಿ, ನನ್ನದೇ ಮಷೀನ್ ಡ್ರಾಯಿಂಗ್ ಹಾಳೆಗಳನ್ನು ಜೋಡಿಸಿಡುವಾಗ. ಯಂತ್ರದ ಭಾಗವನ್ನು ಮಧ್ಯಕ್ಕೆ ಕತ್ತರಿಸಿದಂತೆ ಕಲ್ಪಿಸಿಕೊಂಡು ಒಳಗಿರುವುದನ್ನು ತೋರಿಸುವುದಕ್ಕೆ ನಾವು ಸೆಕ್ಷನಲ್ ವ್ಯೂ ಎನ್ನುತ್ತೇವೆ. ಅದನ್ನು ಕಲಿಯಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಅವಳು ಬರೆದದ್ದು ಭಟ್ಟಿಯ ಸೆಕ್ಷನಲ್ ವ್ಯೂ. ಅಕ್ಕಿ ಒಳಗೆ ಹೋಗುವುದರಿಂದ ಹಿಡಿದು ಮಂಡಕ್ಕಿ ಮೂಟೆಗೆ ಬೀಳುವವರೆಗೆ ಕೆಲಸದ ಕ್ರಮವೂ ಅದರಲ್ಲಿತ್ತು. ಮೆಕ್ಯಾನಿಕಲ್ ಓದುವ ನಾನು ಅದನ್ನು ತಪ್ಪು ಎಂದು ಅಳಿಸಿದ್ದೆ.

ಆಮೇಲೆ ಲೈಬ್ರರಿಯಲ್ಲಿ, ನೆಟ್‌ನಲ್ಲಿ ಒಂದಿಷ್ಟು ಹುಡುಕಿ ಓದಿದೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕ 1947ರಲ್ಲೇ ‘ಕ್ರಿಯೇಟಿವ್ ಆ್ಯಂಡ್ ಮೆಂಟಲ್ ಗ್ರೋತ್’ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ವಿವರಿಸಿದ್ದಾರೆ. ಸುಮಾರು ಏಳರಿಂದ ಒಂಬತ್ತು ವರ್ಷದ ಮಕ್ಕಳು ನೆಲಕ್ಕೊಂದು ಗೆರೆ ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸುತ್ತಾರೆ, ಒಳಗಿರುವುದು ಮುಖ್ಯವಾದಾಗ ಗೋಡೆಯನ್ನು ಪಾರದರ್ಶಕ ಮಾಡಿಬಿಡುತ್ತಾರೆ, ತಮಗೆ ಮುಖ್ಯವಾದುದನ್ನು ದೊಡ್ಡದಾಗಿ ಬರೆಯುತ್ತಾರೆ. ಅದು ತಪ್ಪಲ್ಲ, ಆ ವಯಸ್ಸಿನಲ್ಲಿ ಮಗು ತನಗೆ ಗೊತ್ತಿರುವುದನ್ನು ಹೇಳುವ ಬಗೆ. ಬಣ್ಣ ತುಂಬುವ ಪುಸ್ತಕ, ನೋಡಿ ನಕಲು ಮಾಡಿಸುವುದು ಇವುಗಳಿಗೆ ಆ ಮನುಷ್ಯ ವಿರೋಧಿ. ಇಷ್ಟು ಓದಿಕೊಂಡು ಹೋಗಲು ನನಗೆ ಒಂದು ಸಂಜೆ ಸಾಕಿತ್ತು. ಕಾಲೇಜಿನಿಂದ ನಮಗೆ ರಿಪೋರ್ಟಿನ ಫಾಂಟ್ ಯಾವುದು, ಮಾರ್ಜಿನ್ ಎಷ್ಟು ಎಂದು ಹೇಳಿದ್ದರು. ಮಕ್ಕಳ ಮುಂದೆ ಏನು ಮಾಡಬಾರದು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಉಳಿದ ದಿನಗಳಲ್ಲಿ ಅವಳನ್ನು ಎಷ್ಟೋ ಸಲ ಕೇಳಿದೆ, ‘ಭಟ್ಟಿ ಇನ್ನೊಂದ್ಸಲ ಬರಿತೀಯಾ?’ ‘ನಂಗೆ ಬರಲ್ಲ ಅಕ್ಕ’ ಎನ್ನುತ್ತಿದ್ದಳು. ಅಷ್ಟರಲ್ಲಿ ನಾಲ್ಕು ವಾರ ಮುಗಿಯಿತು. ಸರ್ಟಿಫಿಕೇಟಿನಲ್ಲಿ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂದು ಬರೆದಿತ್ತು. ಪಾಯಿಂಟ್ ನನಗೆ ಬಂತು. ಅವಳ ಪಾಲಿಗೆ ಉಳಿದದ್ದು ಎರಡು ಬೆಟ್ಟ, ಒಂದು ಸೂರ್ಯ.

ಅದಕ್ಕೇ ನಾನು ಹೇಳುವುದು, ಮಕ್ಕಳಿರುವ ಕಡೆ ನಾಲ್ಕು ವಾರದ ಇಂಟರ್ನ್‌ಶಿಪ್ ಬೇಡ. ಗೆಳೆಯರು ಇದಕ್ಕೆ ಒಪ್ಪುವುದಿಲ್ಲ. ‘ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಆಯ್ತಲ್ಲ’ ಎನ್ನುತ್ತಾರೆ. ಗಿಡ ನೆಡುವುದಕ್ಕೆ, ಕೆರೆ ಕ್ಲೀನ್ ಮಾಡುವುದಕ್ಕೆ ಈ ಮಾತು ನಡೆದೀತು, ಕೆರೆ ನಮ್ಮ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ವರ್ಷದಲ್ಲಿ ನಾಲ್ಕೈದು ಬ್ಯಾಚ್ ಅಕ್ಕ–ಅಣ್ಣಂದಿರು ಬಂದು, ಹೆಸರು ಕೇಳಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರೆ ಮಗು ಕಲಿಯುವುದು ಚಿತ್ರಕಲೆಯಲ್ಲ. ಮೊದಲ ದಿನವೇ ‘ಎಷ್ಟು ದಿನ ಇರ್ತೀರ’ ಎಂದು ಲೆಕ್ಕ ಕೇಳುವುದನ್ನು ಕಲಿಯುತ್ತದೆ. ಆ ಹುಡುಗ ಕಲಿತಿದ್ದ.

ಈ ಮಕ್ಕಳಿಗೆ ಬೇರೆ ಡ್ರಾಯಿಂಗ್ ಮೇಷ್ಟ್ರು ಸಿಗುತ್ತಾರೆಯೇ ಎಂದರೆ ಅದೂ ಸುಲಭವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದಿದೆ. ಆದರೆ ಅದು 6ರಿಂದ 8ನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ನಾನು ನೋಡಿದ ಮಕ್ಕಳೆಲ್ಲ ಐದನೇ ಕ್ಲಾಸಿನ ಒಳಗಿನವರು. ಅವರಿಗೆ ಡ್ರಾಯಿಂಗ್ ಎಂದರೆ ನಮ್ಮಂಥ ಅರೆಬೆಂದವರೇ. ಹಾಗಾಗಿ ಹೋಗಬೇಡಿ ಎನ್ನುತ್ತಿಲ್ಲ, ಹೋಗುವ ರೀತಿ ಬದಲಾಗಲಿ ಎನ್ನುತ್ತಿದ್ದೇನೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರ ಎಂದರೆ 30 ಗಂಟೆ. ಅದೇ 30 ಗಂಟೆಯನ್ನು ಶನಿವಾರಕ್ಕೆ ಎರಡು ಗಂಟೆಯಂತೆ ಹಂಚಿದರೆ 15 ಶನಿವಾರ, ಹೆಚ್ಚುಕಡಿಮೆ ಒಂದು ಸೆಮಿಸ್ಟರ್. ಕಾಲೇಜಿಗೆ ಹೆಚ್ಚಿನ ಖರ್ಚಿಲ್ಲ, ನಮ್ಮ ರಜೆಯೂ ಉಳಿಯುತ್ತದೆ. ಇಂಟರ್ನಲ್ಸ್ ಇರುವ ವಾರ ಕಷ್ಟವಾಗುತ್ತದೆ, ನಿಜ. ಇಬ್ಬಿಬ್ಬರು ಜೊತೆಯಾದರೆ ಒಬ್ಬರಾದರೂ ಹೋಗಬಹುದು.

‘ಇದೆಲ್ಲ ರೆಸ್ಯೂಮೆಗೆ ಏನು ಉಪಯೋಗ? ಅಷ್ಟು ಹೊತ್ತು ಕೋಡಿಂಗ್ ಮಾಡು’ ಎಂದು ಸೀನಿಯರ್ ಒಬ್ಬರು ಬುದ್ಧಿ ಹೇಳಿದರು. ಕ್ಯಾಂಪಸ್ ಕೆಲಸದ ಭಯ ನನಗೂ ಇದೆ, ಮೆಕ್ಯಾನಿಕಲ್‌ನವರಿಗೆ ಆ ಭಯ ಸ್ವಲ್ಪ ಜಾಸ್ತಿಯೇ. ಇದರಿಂದ ಕೆಲಸ ಸಿಗುತ್ತದೆ ಎಂದು ನಾನು ಹೇಳಲಾರೆ. ಕಾಲೇಜಿನ ಮಾಕ್ ಇಂಟರ್‌ವ್ಯೂನಲ್ಲಿ ಈ ಸಾಲು ನೋಡಿ ‘ಏನು ಕಲಿಸಿದಿರಿ?’ ಎಂದು ಕೇಳಿದರು. ಭಟ್ಟಿಯ ಕಥೆಯನ್ನು ಇದ್ದ ಹಾಗೆ ಹೇಳಿದೆ. ನನ್ನ ಪ್ರಾಜೆಕ್ಟಿನ ಬಗ್ಗೆ ಕೇಳುವುದನ್ನೇ ಮರೆತು ಹತ್ತು ನಿಮಿಷ ಅದನ್ನೇ ಕೇಳಿದರು. ಅಂಕ ಮಾತ್ರ ಎಲ್ಲರಿಗೆ ಕೊಟ್ಟಷ್ಟೇ ಕೊಟ್ಟರು.

ನಾಲ್ಕು ವಾರ ಮುಗಿದ ಮೇಲೂ ನಾನು ಶನಿವಾರ ಹೋಗುತ್ತಿದ್ದೇನೆ. ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ. ‘ಇವತ್ತು ಶಾಲೆಯಿಂದ ಬರುವಾಗ ಏನು ನೋಡಿದಿರಿ?’ ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ಸುಮ್ಮನೆ ಕೂರುವುದು ಭಾರೀ ಕಷ್ಟದ ಕೆಲಸ, ಕೈ ರಬ್ಬರ್ ಹುಡುಕುತ್ತಿರುತ್ತದೆ. ಮೂರನೇ ತಿಂಗಳಲ್ಲಿ ಆ ಹುಡುಗಿ ಅಪ್ಪನನ್ನು ಬರೆದಳು. ಕೈಯಲ್ಲಿ ಜರಡಿ. ಜರಡಿ ಹಿಡಿದ ಕೈ ಇನ್ನೊಂದು ಕೈಗಿಂತ ಎರಡು ಪಟ್ಟು ಉದ್ದ. ನಾನು ಏನೂ ಹೇಳಲಿಲ್ಲ. ಅವಳೇ, ‘ರಾತ್ರಿ ಈ ಕೈ ನೋಯುತ್ತೆ ಅಂತಾರೆ’ ಎಂದಳು. ಭಟ್ಟಿಯನ್ನು ಇನ್ನೂ ಬರೆದಿಲ್ಲ.

ಮುಂದಿನ ರಜೆಗೆ ನಮ್ಮ ಜೂನಿಯರ್ ಇಬ್ಬರು ಅಲ್ಲಿಗೇ ಹೋಗುತ್ತಾರಂತೆ. ಅವರಿಗಾಗಿ ಒಂದು ನೋಟ್‌ಬುಕ್ ಬರೆದಿಟ್ಟಿದ್ದೇನೆ: ಯಾವ ಮಗುವಿನ ಹೆಸರೇನು, ಯಾರು ಜೋರಾಗಿ ಮಾತಾಡಿದರೆ ಹೆದರುತ್ತಾರೆ, ಯಾರಿಗೆ ಕಪ್ಪು ಕ್ರೇಯಾನ್ ಹೆಚ್ಚು ಬೇಕು, ಮೆಂಡರ್ ಎಲ್ಲಿಟ್ಟಿದ್ದೇನೆ, ಜೆರಾಕ್ಸ್ ಅಂಗಡಿಯಲ್ಲಿ ಯಾವ ದಿನ ಹಾಳೆ ಸಿಗುತ್ತದೆ. ಶನಿವಾರದ ಲೆಕ್ಕವನ್ನೂ ಅದರಲ್ಲಿ ಬರೆದಿದ್ದೇನೆ. ಕಾಲೇಜು ಒಪ್ಪುತ್ತದೋ ಇಲ್ಲವೋ ನೋಡಬೇಕು, ಅರ್ಜಿಯಂತೂ ಕೊಟ್ಟಾಗಿದೆ.