ಪ್ರಯೋಗಕ್ಕೆ ಕನ್ನಡ, ಮಾರಾಟಕ್ಕೆ ಇಂಗ್ಲಿಷ್

ನಮ್ಮ ದೇಶದ ರೋಗಿಗೆ ಉಪದೇಶದ ಕೊರತೆಯಿಲ್ಲ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ, ನುಂಗುವ ಮಾತ್ರೆಗಳ ಪಟ್ಟಿ ಜೇಬಿನಲ್ಲಿರಲಿ, ಯಾವುದು ಒಗ್ಗುವುದಿಲ್ಲವೋ ಬರೆದಿಡಿ, ಆ್ಯಪ್ ಹಾಕಿಕೊಳ್ಳಿ. ಎಲ್ಲವೂ ಒಳ್ಳೆಯ ಮಾತೇ. ಆದರೆ ಓದಲಾಗದ ಲಿಪಿಯಲ್ಲಿರುವುದರ ಲೆಕ್ಕ ಇಡುವುದು ಹೇಗೆಂದು ಯಾರೂ ಹೇಳುವುದಿಲ್ಲ. ರೋಗಿಯ ಅಜಾಗರೂಕತೆ ಎಂದು ನಾವು ಬೈಯುವುದರ ದೊಡ್ಡ ಪಾಲು, ಭಾಷೆಯ ವಿಷಯದಲ್ಲಿ ವ್ಯವಸ್ಥೆ ತೋರುವ ಸೋಮಾರಿತನ ಎಂಬುದು ನನ್ನ ವಾದ.

ಮುಂಬೈಯ ಹೋಟೆಲಿನಲ್ಲಿ ದುಡಿಯುವ ಕುಂದಾಪುರದವರನ್ನೋ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯವರನ್ನೋ ನೆನೆಯಿರಿ. ಕೆಇಎಂ, ಸಾಯನ್, ನಾಯರ್ ಅಥವಾ ಕೂಪರ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಅವರು ಹೋಗುತ್ತಾರೆ. ಕೌಂಟರಿನಲ್ಲಿ ಮರಾಠಿ, ಡಾಕ್ಟರ್ ಬರೆಯುವುದು ಇಂಗ್ಲಿಷ್, ಮೆಡಿಕಲ್ ಅಂಗಡಿಯ ಹುಡುಗ ಹೇಳುವುದು ಹಿಂದಿ, ಮಾತ್ರೆ ನುಂಗುವ ಮನೆಯಲ್ಲಿ ಕನ್ನಡವೋ ತುಳುವೋ. ಇವುಗಳ ನಡುವೆ ಬಿಡಿ, ಟಿಡಿಎಸ್, ಎಸ್‌ಒಎಸ್ ಎಂದು ಲ್ಯಾಟಿನ್ ಬೇರೆ. ರೋಮಿನಲ್ಲೇ ಯಾರೂ ಆಡದ ಭಾಷೆ ಪರೇಲಿನ ಚೀಟಿಯಲ್ಲಿ ಇನ್ನೂ ಉಸಿರಾಡುತ್ತಿದೆ.

ಈ ಗೊಂದಲದಲ್ಲಿ ಎಲ್ಲರಿಗೂ ಅರ್ಥವಾಗುವ ಒಂದು ಬರಹವಿದ್ದರೆ ಅದು 1-0-1. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಆದರೆ ಅದಕ್ಕೂ ಮಿತಿಯಿದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕಾದದ್ದು. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ‘ವಾರಕ್ಕೊಮ್ಮೆ’ ಎಂಬುದನ್ನು ಹೇಳಲು 1-0-1ರ ವ್ಯಾಕರಣದಲ್ಲಿ ಜಾಗವಿಲ್ಲ. ಅದಕ್ಕೆ ಒಂದು ಪದ ಬೇಕು, ರೋಗಿ ಓದಬಲ್ಲ ಪದ.

ಓದಲಾಗದ ಹೆಸರಿನ ಜಾಗದಲ್ಲಿ ಜನ ತಮ್ಮದೇ ಹೆಸರು ಇಟ್ಟುಕೊಳ್ಳುತ್ತಾರೆ. ಶುಗರಿನ ಮಾತ್ರೆ, ಗ್ಯಾಸಿನ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ, ರಾತ್ರಿಯ ಗುಲಾಬಿ ಬಣ್ಣದ್ದು. ಇದನ್ನು ಅಜ್ಞಾನವೆಂದು ನಗುವವರಿಗೆ ಭಾಷೆಯ ಬಗ್ಗೆ ಏನೂ ಗೊತ್ತಿಲ್ಲ. ಕೆಲಸದಿಂದ, ಹೊತ್ತಿನಿಂದ, ಬಣ್ಣದಿಂದ ವಸ್ತುವನ್ನು ಗುರುತಿಸುವುದು ಎಲ್ಲ ಭಾಷೆಗಳೂ ಮಾಡುವ ಕೆಲಸ. ತೊಂದರೆ ಬೇರೆ ಕಡೆ ಇದೆ. ಮೆಟ್‌ಫಾರ್ಮಿನ್ ಎಂಬ ಒಂದೇ ಔಷಧಿ ಗ್ಲೈಕೋಮೆಟ್, ಗ್ಲೈಸಿಫೇಜ್, ಒಕಾಮೆಟ್ ಮುಂತಾದ ಹೆಸರುಗಳಲ್ಲಿ ಬರುತ್ತದೆ. ಒಂದು ಔಷಧಿಗೆ ಒಂದೇ ಬಣ್ಣ ಎಂಬ ಕಟ್ಟಳೆಯೂ ಇಲ್ಲ. ಊರಿಗೆ ಹೋದಾಗ ಉಡುಪಿಯ ಡಾಕ್ಟರ್ ಬರೆದದ್ದು, ಮರಳಿ ಬಂದಾಗ ಸಾಯನ್ನಿನಲ್ಲಿ ಕೊಟ್ಟದ್ದು, ಎರಡೂ ಒಂದೇ ಎಂದು ತಿಳಿಯದೆ ಎರಡನ್ನೂ ನುಂಗುವುದು ತೀರ ಸುಲಭ. ಹೃದಯಕ್ಕೆಂದು ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಸೇರಿಸಿಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ‘ಬಿಳಿಯದೊಂದು, ಹಳದಿಯದೊಂದು’ ಎಂಬ ಉತ್ತರದಿಂದ ಯಾವ ಡಾಕ್ಟರಿಗೂ ಇದು ತಿಳಿಯುವುದಿಲ್ಲ.

ಅನುವಾದ ಸಾಧ್ಯವೇ ಇಲ್ಲ ಎನ್ನುವವರಿಗೆ ನನ್ನ ಕಸುಬಿನ ಒಂದು ಸಂಗತಿ ಹೇಳುತ್ತೇನೆ. ಅನುವಾದಕರಿಗೆ ಬರುವ ಕೆಲಸಗಳಲ್ಲಿ ಔಷಧಿ ಪ್ರಯೋಗದ ಸಮ್ಮತಿ ಪತ್ರವೂ ಒಂದು. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮುನ್ನ, ಆ ಔಷಧಿ ಏನು, ಯಾವಾಗ ತೆಗೆದುಕೊಳ್ಳಬೇಕು, ಏನು ತೊಂದರೆಯಾಗಬಹುದು ಎಂಬುದನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳು ಹೇಳುತ್ತವೆ. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಎದುರು ವಿವರಿಸಬೇಕು. ನಾವು ಮಾಡಿದ ಕನ್ನಡವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಜಾರಿಲ್ಲವೆಂದು ಖಚಿತ ಮಾಡಿಕೊಳ್ಳುವ ವಾಡಿಕೆಯೂ ಇದೆ. ಒಂದು ಅಲ್ಪವಿರಾಮಕ್ಕೂ ಪತ್ರ ಮರಳಿ ಬರುತ್ತದೆ.

ಅದೇ ಔಷಧಿ ಪರೀಕ್ಷೆ ಗೆದ್ದು ಅಂಗಡಿಗೆ ಬಂದ ದಿನ ಕನ್ನಡ ಮಾಯ. ಬೆಳ್ಳಿ ಹಾಳೆಯ ಹಿಂದೆ ಸಾಸಿವೆ ಗಾತ್ರದ ಇಂಗ್ಲಿಷ್. ಪ್ರಯೋಗಕ್ಕೆ ಮೈಯೊಡ್ಡುವಾಗ ರೋಗಿಯ ಭಾಷೆ ಕಂಪನಿಗೆ ಬೇಕು, ಏಕೆಂದರೆ ಕಾನೂನಿನ ಭಯವಿದೆ. ದುಡ್ಡು ಕೊಟ್ಟು ಕೊಳ್ಳುವಾಗ ಬೇಡ, ಏಕೆಂದರೆ ಯಾರೂ ಕೇಳುವುದಿಲ್ಲ. ಸಾಮರ್ಥ್ಯವಿದೆ, ಪದಗಳಿವೆ, ಅನುವಾದಕರಿದ್ದಾರೆ. ಇಲ್ಲದಿರುವುದು ಕಟ್ಟಳೆ ಮಾತ್ರ.

ಕಟ್ಟಳೆಗಳೇ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಆಸ್ಪತ್ರೆಯಲ್ಲಿ ದಾಖಲಾದವರ ವಿವರಗಳನ್ನು 3 ವರ್ಷ ಕಾಯ್ದಿಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2016ರ ತಿದ್ದುಪಡಿ ಔಷಧಿಯ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ ಎಂದಿತು. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಅದರಲ್ಲಿರಬೇಕಾದದ್ದು ಔಷಧಿಯ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ತಾರೀಖು, ಪರವಾನಗಿ. ನಕಲಿ ಮಾಲು ಹಿಡಿಯಲು ಇಷ್ಟು ಸಾಕು. ಇದು ಯಾವ ಕಾಯಿಲೆಗೆ, ಊಟಕ್ಕೆ ಮೊದಲೋ ಆಮೇಲೋ ಎಂದು ತಿಳಿಯಬೇಕಾದವರಿಗೆ ಏನೂ ಇಲ್ಲ.

ಇನ್ನು ಆಭಾ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ಸಂಖ್ಯೆ ಕೊಡುತ್ತದೆ. ದಾಖಲೆಗಳು ಆ ಸಂಖ್ಯೆಗೆ ಜೋಡಣೆಯಾಗುತ್ತವೆ, ರೋಗಿಯ ಒಪ್ಪಿಗೆಯಿಂದ ಇನ್ನೊಬ್ಬ ವೈದ್ಯರಿಗೆ ಕಾಣುತ್ತವೆ. ಯೋಜನೆ ಒಳ್ಳೆಯದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದ ಕಾಗದವನ್ನು ನಂಬಲಾಗದೆಂದು 2005ರ ಜುಲೈ 26ರ ನೆರೆ ಕಂಡ ಊರಿಗೆ ಹೇಳಬೇಕಿಲ್ಲ. ಆದರೆ ಇಂಗ್ಲಿಷ್ ಚೀಟಿಯ ಫೋಟೊ ಮೊಬೈಲಿಗೆ ಬಂದಾಕ್ಷಣ ಅದು ರೋಗಿಯದಾಗುವುದಿಲ್ಲ. ಅರ್ಥವಾಗದ ಕಾಗದ ಅರ್ಥವಾಗದ ಪರದೆಯಾಯಿತು, ಅಷ್ಟೆ. ಬೇಸರದ ಸಂಗತಿಯೆಂದರೆ, ಈ ಮಿಷನ್ನಿನ ಮಾನದಂಡಗಳಲ್ಲಿ ಸ್ನೋಮೆಡ್ ಸಿಟಿ ಎಂಬ ಸಂಕೇತಕೋಶವೂ ಇದೆ. ಅದರಲ್ಲಿ ಪ್ರತಿ ಕಾಯಿಲೆಗೂ ಒಂದು ಸಂಖ್ಯೆ. ಆ ಸಂಖ್ಯೆಯ ಎದುರು ಯಾವ ಭಾಷೆಯ ಪದ ತೋರಿಸಬೇಕೆಂಬುದು ನಾವು ಮಾಡುವ ಆಯ್ಕೆ. ಒಮ್ಮೆ ಅನುವಾದಿಸಿದರೆ ಕೋಟಿ ಸಲ ಬಳಸಬಹುದು.

ಡಾಕ್ಟರಿಗೆ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಮುನ್ಸಿಪಲ್ ಆಸ್ಪತ್ರೆಯ ಸಾಲು ನೋಡಿದವರಾರೂ ವೈದ್ಯರ ಮೇಲೆ ಇನ್ನೊಂದು ಹೊರೆ ಹೇರಲಾರರು. ಈ ಕೆಲಸ ಔಷಧಿ ಕೊಡುವ ಕೌಂಟರಿನದು. ಬಿಲ್ಲು ಮುದ್ರಿಸುವ ಯಂತ್ರವೇ ನಾಲ್ಕು ಸಾಲಿನ ಲೇಬಲ್ ಮುದ್ರಿಸಬಲ್ಲದು. ಮುಂಬೈಯಲ್ಲಿ ಇಷ್ಟೊಂದು ಭಾಷೆಗಳಿರುವಾಗ ಯಾವುದರಲ್ಲಿ ಎಂದು ಕೇಳುವವರು ಲೋಕಲ್ ರೈಲು ಹತ್ತಲಿ. ಮುಂದಿನ ಸ್ಟೇಷನ್ ಯಾವುದೆಂದು ಅದು ಮೂರು ಭಾಷೆಗಳಲ್ಲಿ ಹೇಳುತ್ತದೆ. ಸ್ಟೇಷನ್ ತಪ್ಪಿದರೆ ಹಿಂದಿರುಗುವ ಗಾಡಿಯಿದೆ, ಮಾತ್ರೆ ತಪ್ಪಿದರೆ ಅದೂ ಇಲ್ಲ. ಲೇಬಲ್ಲಿನ ಭಾಷೆಯನ್ನು ರೋಗಿ ಕೇಳಿ ಆರಿಸಿಕೊಳ್ಳಲಿ. ಮರಾಠಿ, ಕನ್ನಡ, ಉರ್ದು, ಭೋಜ್‌ಪುರಿ, ಯಾವುದಾದರೂ ಸರಿ.

ಈಗ ಆ ಕೆಲಸ ಯಾರು ಮಾಡುತ್ತಿದ್ದಾರೆ? ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವ ಏಳನೇ ಕ್ಲಾಸಿನ ಮೊಮ್ಮಗಳು, ಪಕ್ಕದ ಖೋಲಿಯ ಹುಡುಗ. ಸಂಬಳವಿಲ್ಲದ, ತರಬೇತಿಯಿಲ್ಲದ ಅನುವಾದಕರು. ಬಿಪಿ ಮಾತ್ರೆಯಾದರೆ ಸರಿ. ಕ್ಷಯಕ್ಕೆ, ಎಚ್‌ಐವಿಗೆ, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಹೆಂಗಸು ಪೊಟ್ಟಣವನ್ನು ಯಾರಿಗೆ ತೋರಿಸಿ ಕೇಳಬೇಕು? ಕೇಳಿದರೆ ಗುಟ್ಟು ಹೋಯಿತು, ಕೇಳದಿದ್ದರೆ ಲೆಕ್ಕ ತಪ್ಪಿತು.

ಆದ್ದರಿಂದ ಬೇಡಿಕೆ ಚಿಕ್ಕದು. ಔಷಧಿಯ ನಿಜವಾದ ಹೆಸರು, ಯಾವುದಕ್ಕೆ, ಯಾವಾಗ, ಎಷ್ಟು ದಿನ. ಈ ನಾಲ್ಕು ಮಾತು ನುಂಗುವವರ ಭಾಷೆಯಲ್ಲಿ, ಕೊಡುವವರ ಹೊಣೆಯಲ್ಲಿ. ಅದಾದ ಮೇಲೆ ಬೇಕಾದರೆ ರೋಗಿಗೆ ಉಪದೇಶ ಮಾಡೋಣ.