ಅಗ್ಗದ ಗೌರವ

ರೇಸ್ ಕಾರು ಓಡಿಸುವವನು ಸತ್ತರೆ ಶಾಸನಸಭೆ ಯಾಕೆ ನಿರ್ಣಯ ಮಾಡಬೇಕು ಎಂದು ಮೂಗು ಮುರಿಯುವವರಿದ್ದಾರೆ. ಸಭೆಯ ಹೊತ್ತು ದಂಡ ಎಂಬುದು ಅವರ ವಾದ. ಆದರೆ ಇಂಥ ಗೌರವ ನಿರ್ಣಯ ಸಾಮಾನ್ಯವಾಗಿ ಧ್ವನಿಮತದಲ್ಲಿ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಅದರಿಂದ ಯಾವ ಕಾಯ್ದೆಯೂ ಬದಲಾಗುವುದಿಲ್ಲ, ಬೊಕ್ಕಸಕ್ಕೆ ಭಾರವೂ ಇಲ್ಲ. ನನ್ನ ತಕರಾರು ಇರುವುದೇ ಈ ಅಗ್ಗತನದ ಬಗ್ಗೆ.

2001ರ ಫೆಬ್ರುವರಿ 18ರಂದು ಫ್ಲಾರಿಡಾದ ಡೇಟೋನಾದಲ್ಲಿ, ನಾಸ್ಕಾರ್ ಸಂಸ್ಥೆಯ ಕಾರ್ ರೇಸಿನ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಚಾಲಕ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಗುದ್ದಿ ಸತ್ತ. ಮುಂದೆ ಓಡುತ್ತಿದ್ದ ಎರಡು ಕಾರುಗಳೂ ಅವನದೇ ಕಂಪನಿಯವು. ಒಂದನ್ನು ಓಡಿಸುತ್ತಿದ್ದವನು ಅವನ ಮಗ. ಕೆಲವೇ ದಿನಗಳಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳು ಗೌರವ ನಿರ್ಣಯ ಅಂಗೀಕರಿಸಿದವು. ಅದಕ್ಕೆ ಅವನು ಅರ್ಹನೇ. ಅವನ ಊರು ನಾರ್ತ್ ಕೆರೊಲಿನಾದ ಕನ್ನಾಪೊಲಿಸ್, ಟವೆಲು, ಬೆಡ್‌ಶೀಟುಗಳ ಗಿರಣಿಗಳ ಊರು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು ಏಳು ಸಲ ಚಾಂಪಿಯನ್ ಆಗಿ 76 ರೇಸು ಗೆದ್ದ. ತಮ್ಮವನೊಬ್ಬನ ಹೆಸರು ವಾಷಿಂಗ್ಟನ್ನಿನ ಕಡತಕ್ಕೆ ಏರಿದ್ದು ಪಾಳಿಯಲ್ಲಿ ದುಡಿಯುವ ಜನಕ್ಕೆ ಸಣ್ಣ ಮಾತಲ್ಲ.

ಆದರೆ ಇಂಥ ನಿರ್ಣಯಗಳಿಗೆ ಒಂದು ಸಿದ್ಧ ಅಚ್ಚಿದೆ: ಹುಟ್ಟೂರು, ಗೆಲುವುಗಳು, ಧೈರ್ಯ, ಕುಟುಂಬಕ್ಕೆ ಸಾಂತ್ವನ. ಸಾವು ಹೇಗಾಯಿತೆಂಬುದಕ್ಕೆ ಅಲ್ಲಿ ಜಾಗವಿಲ್ಲ. ಅರ್ನ್‌ಹಾರ್ಟ್ ಸತ್ತದ್ದು ತಲೆಬುರುಡೆಯ ಬುಡ ಮುರಿದು. ಅದಕ್ಕೂ ಮೊದಲು, 2000ದ ಮೇನಲ್ಲಿ ಆ್ಯಡಮ್ ಪೆಟ್ಟಿ, ಜುಲೈನಲ್ಲಿ ಪೆಟ್ಟಿ ಸತ್ತ ಟ್ರ್ಯಾಕಿನಲ್ಲೇ ಕೆನಿ ಅರ್ವಿನ್, ಅಕ್ಟೋಬರಿನಲ್ಲಿ ಟೆಕ್ಸಾಸಿನಲ್ಲಿ ಟೋನಿ ರೋಪರ್ ಎಂಬ ಚಾಲಕರು ತಲೆ, ಕತ್ತಿನ ಇಂಥದೇ ಪೆಟ್ಟಿನಿಂದ ಸತ್ತಿದ್ದರು. ತಲೆಯನ್ನೂ ಕತ್ತನ್ನೂ ಹಿಡಿದಿಡುವ ಹ್ಯಾನ್ಸ್ ಎಂಬ ಪಟ್ಟಿ 1980ರ ದಶಕದಿಂದಲೇ ಇತ್ತು; ಅರ್ನ್‌ಹಾರ್ಟ್ ಅದನ್ನು ಹಾಕಿರಲಿಲ್ಲ, ಹೆಲ್ಮೆಟ್ಟು ಕೂಡ ಮುಖ ತೆರೆದದ್ದು. ನಾವು ಧೈರ್ಯವೆಂದು ಹೊಗಳುವುದೂ ಹಲವು ಸಲ ಇಂಥದನ್ನೇ.

ಸಾವಿನ ಮನೆಯಲ್ಲಿ ಲೆಕ್ಕ ಕೇಳಬಾರದು ಎನ್ನಬಹುದು. ಮನೆಯಲ್ಲಿ ಕೇಳಬಾರದು, ಒಪ್ಪೋಣ. ಆದರೆ ಶಾಸನಸಭೆ ಸತ್ತವನ ಬಂಧುವಲ್ಲ. ನಾಳೆ ಅದೇ ಗೋಡೆಯತ್ತ ಹೊರಡುವವರೂ ಅದರ ಪ್ರಜೆಗಳೇ.

ಫ್ಲಾರಿಡಾದ ಶಾಸನಸಭೆ ಮಾತಿಗೆ ನಿಲ್ಲಲಿಲ್ಲ, ಕಾಯ್ದೆಯನ್ನೇ ಮಾಡಿತು. ಅರ್ನ್‌ಹಾರ್ಟ್ ಸಾವಿನ ಕಾರಣ ಪರಿಶೀಲಿಸಲು ಒರ್ಲ್ಯಾಂಡೊ ಸೆಂಟಿನೆಲ್ ಪತ್ರಿಕೆ ಮರಣೋತ್ತರ ಪರೀಕ್ಷೆಯ ಫೋಟೊಗಳನ್ನು ಕೇಳಿತ್ತು. ಪ್ರಕಟಿಸುವುದಿಲ್ಲ ಎಂದೂ ಹೇಳಿತ್ತು. ಅವನ ಹೆಂಡತಿ ಕೋರ್ಟಿಗೆ ಹೋದರು. ಆ ನೋವು ನ್ಯಾಯವಾದದ್ದೇ. ಮಾರ್ಚ್ 29ರಂದು ಗವರ್ನರ್ ಜೆಬ್ ಬುಷ್ ಸಹಿ ಹಾಕಿದ ಮೇಲೆ ಇಂಥ ಫೋಟೊಗಳನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಹೊರಗಿನವರು ನೋಡುವಂತಿಲ್ಲ. ಅದಕ್ಕೂ ಮುಂಚೆ ಆದ ರಾಜಿಯಂತೆ ಸ್ವತಂತ್ರ ತಜ್ಞರೊಬ್ಬರು ಅವನ್ನು ನೋಡಿ, ತಲೆ ರಭಸದಿಂದ ಮುಂದಕ್ಕೆ ಎಸೆಯಲ್ಪಟ್ಟದ್ದೇ ಸಾವಿನ ಕಾರಣ ಎಂದರು. ಅಂದರೆ ಸಾವನ್ನು ಗೌರವಿಸಲು ಆರು ವಾರದೊಳಗೆ ಕಾಯ್ದೆ ಬಂತು. ಬಂದದ್ದು ಬಾಗಿಲು ಹಾಕುವುದಕ್ಕೆ. ಕತ್ತಿನ ಪಟ್ಟಿ ಕಡ್ಡಾಯವಾದದ್ದು ಅಕ್ಟೋಬರಿನಲ್ಲಿ, ಅದೂ ನಾಸ್ಕಾರ್ ಸಂಸ್ಥೆಯ ನಿಯಮದಿಂದ. ಆ ಸಂಸ್ಥೆಯ ಉನ್ನತ ದರ್ಜೆಯ ರೇಸುಗಳಲ್ಲಿ ಆಮೇಲೆ ಯಾವ ಚಾಲಕನೂ ಸತ್ತಿಲ್ಲ.

ಬೆಲೆ ತೆತ್ತು ಮಾಡಿದ ಒಂದು ಗೌರವವೂ ಇದೆ. ಕನ್ನಾಪೊಲಿಸ್ ಮೂಲಕ ಹೋಗುವ 136ನೇ ರಾಜ್ಯ ಹೆದ್ದಾರಿಗೆ ಅವನ ಕಾರಿನ ನಂಬರು 3 ಕೊಡಲು ನಾರ್ತ್ ಕೆರೊಲಿನಾ ತೀರ್ಮಾನಿಸಿತು. ಸುರಕ್ಷತೆಯ ಬಗ್ಗೆ ಇದೂ ಏನೂ ಹೇಳುವುದಿಲ್ಲ, ನಿಜ. ಆದರೆ 3ನೇ ನಂಬರಿನ ರಸ್ತೆ ಆಗಲೇ ಕರಿಟಕ್ ಕೌಂಟಿಯಲ್ಲಿತ್ತು. ಅದನ್ನು 136 ಮಾಡಬೇಕಾಯಿತು. ಎರಡೂ ಕಡೆ ಫಲಕ ಕಿತ್ತು ಹೊಸದು ನೆಡಬೇಕಾಯಿತು.